ತಾತ ತಿನ್ನಿಸದ ತುತ್ತು

ಮಕ್ಕಳೇ, ಇದನ್ನು ನಿಮ್ಮಿಬ್ಬರಿಗೂ ಬರೆಯುತ್ತಿದ್ದೇನೆ. ಆದರೂ ಮೊದಲು ಓದಬೇಕಾದವಳು ದೊಡ್ಡವಳು. ಚಿಕ್ಕವನು ಇನ್ನೂ ಕಾಗುಣಿತದಲ್ಲಿದ್ದಾನೆ, ಬೆಳೆದ ಮೇಲೆ ಓದಿಕೊಳ್ಳಲಿ. ನಾನು ಉಮ್ಮತ್ತೂರಿನ ಶಾಲೆಯಲ್ಲಿ ಏಳನೇ ಕ್ಲಾಸು ಓದಿ ಬಿಟ್ಟವಳು. ಬರೆಯುವುದಕ್ಕಿಂತ ಮಾತಾಡುವುದೇ ನನಗೆ ಕಷ್ಟ. ನಾಲ್ಕು ಜನ ಇರುವ ಕಡೆ ನನ್ನ ಬಾಯಿ ಏಳುವುದಿಲ್ಲ. ಎದುರಿಗೆ ಒಬ್ಬರೇ ಇದ್ದರೂ, ಮನಸ್ಸಿಗೆ ತಾಕುವ ಮಾತಾದರೆ, ಸೊಪ್ಪು ಬಿಡಿಸುವ ನೆಪವನ್ನೋ ಒಲೆ ನೋಡುವ ನೆಪವನ್ನೋ ಮಾಡಿ ತಪ್ಪಿಸಿಕೊಂಡುಬಿಡುತ್ತೇನೆ. ಹೋದ ರಜೆಯಲ್ಲಿ ಆದದ್ದೂ ಅದೇ.

ನೀವಿಬ್ಬರೂ ಉಡಿಗಾಲಕ್ಕೆ ನನ್ನ ಹತ್ತಿರ ಬಂದಿದ್ದಿರಿ. ನಾನು ಚಿಕ್ಕವನಿಗೆ ಮೊಸರನ್ನ ಕಲಸಿ ತುತ್ತು ಕೊಡುತ್ತಿದ್ದೆ. ದೊಡ್ಡವಳು ಗೋಡೆಗೆ ಒರಗಿಕೊಂಡು ನೋಡುತ್ತಿದ್ದವಳು ಕೇಳಿದಳು.

"ಅಜ್ಜಿ, ತಾತಂಗೆ ನನ್ನ ಕಂಡ್ರೆ ಆಗ್ತಿರ್ಲಿಲ್ಲ ಅಲ್ವಾ?"

"ಯಾರಂದ್ರು?"

"ಗುಂಡ್ಲುಪೇಟೆ ಅಜ್ಜಿ. ನಾನು ಹೆಣ್ಣು ಅಂತ ಬೆಟ್ಟದಲ್ಲಿ ತುತ್ತು ತಿನ್ನಿಸದೆ ಎದ್ದು ಹೋದ್ರಂತೆ. ತಮ್ಮ ಆಗಿದ್ರೆ ತಿನ್ನಿಸ್ತಿದ್ರಂತೆ. ಅವರು ಹೇಳೋದು ಬಿಡು, ನಂಗೇ ನೆನಪೈತೆ. ಆಸ್ಪತ್ರೇಲಿ ನಾನು ಕೊಟ್ಟ ಬಾಳೆಹಣ್ಣನ್ನ ನಂಗೆ ಒಂದು ಚೂರೂ ಬಿಡದೆ ತಿಂದ್ರು."

ನಾನು, "ಇನ್ನೊಂದಿಷ್ಟು ಮೊಸರು ಹಾಕ್ಲಾ?" ಅಂದೆ. ಅಷ್ಟೇ ನನ್ನ ಬಾಯಿಂದ ಬಂದದ್ದು. ದೊಡ್ಡವಳೇ, ನೀನು ಎದ್ದು ಹೊರಗೆ ಹೋದೆ.

ನಿಮ್ಮ ಅವ್ವನಿಗೆ ಫೋನಿನಲ್ಲಿ ಹೇಳಿದೆ. ಅವಳು, "ನೀನೇ ಹೇಳವ್ವ, ನೋಡಿದವಳು ನೀನು" ಅಂದಳು. ಅದಕ್ಕೆ ಬರೆಯುತ್ತಿದ್ದೇನೆ.

ಗಂಡನ ಹೆಸರು ಹೇಳುವ ರೂಢಿ ನನಗಿಲ್ಲ. ಅವರು ಅಂತಲೇ ಬರೆಯುತ್ತೇನೆ, ನಿನ್ನ ತಾತ ಅಂತ ತಿಳಿದುಕೋ.

ಅವರು ಹೇಗೆ ಊಟ ಮಾಡುತ್ತಿದ್ದರು ಅನ್ನುವುದನ್ನು ಮೊದಲು ಹೇಳಬೇಕು. ನೀವು ತಟ್ಟೆ ಅನ್ನುತ್ತೀರಲ್ಲ, ಅದಕ್ಕೆ ನಾವು ಗಂಗಳ ಅನ್ನುತ್ತೇವೆ. ಅವರದು ಕಂಚಿನ ಗಂಗಳ, ಅವರ ತಾತನ ಕಾಲದ್ದು, ಎತ್ತಿದರೆ ಕೈ ಸೋಲುವಷ್ಟು ಭಾರ. ಹೊಲದಿಂದ ಬಂದು ಕೈಕಾಲು ತೊಳೆದು, ಕತ್ತಿನಲ್ಲಿದ್ದ ಲಿಂಗದ ಕರಡಿಗೆಯನ್ನು ಕಣ್ಣಿಗೊತ್ತಿಕೊಂಡು ಕೂತರೆ, ಬೀದಿಯ ಮಕ್ಕಳೆಲ್ಲ ಸುತ್ತ ಬಂದು ಕೂರುತ್ತಿದ್ದವು. ಯಾವ ಮನೆಯ ಮಕ್ಕಳು ಅಂತ ನೋಡುತ್ತಿರಲಿಲ್ಲ. ತಾವು ಒಂದು ತುತ್ತು ಮುದ್ದೆ ನುಂಗಿದರೆ, ಮಕ್ಕಳ ಬಾಯಿಗೆ ಒಂದೊಂದು ತುತ್ತು ಅನ್ನ. ಉಂಡಾದ ಮೇಲೆ ಗಂಗಳಕ್ಕೆ ನೀರು ಹಾಕಿ, ಬೆರಳಲ್ಲಿ ಬಳಿದು, ಆ ನೀರನ್ನೂ ಕುಡಿದುಬಿಡುತ್ತಿದ್ದರು. ಪ್ರಸಾದ ಚೆಲ್ಲಬಾರದು ಅನ್ನುವುದು ಅವರ ಮನೆಯಲ್ಲಿ ಹಿಂದಿನಿಂದ ಬಂದದ್ದು. ಗಂಗಳ ತೊಳೆಯಲು ನನಗೆ ಕೆಲಸವೇ ಇರುತ್ತಿರಲಿಲ್ಲ.

ನಮ್ಮ ನಾದಿನಿ, ಅಂದರೆ ಅವರ ಅಕ್ಕ, ಹಿಂದಿನ ಬೀದಿಯಲ್ಲೇ ಇದ್ದವರು. ಅವರ ಬಾಯಿ ಗೊತ್ತಲ್ಲ. "ಏನ್ಲಾ ತಮ್ಮ, ಊರ ಮಕ್ಕಳ ಎಂಜಲೆಲ್ಲ ನಿನ್ನ ಗಂಗಳದಲ್ಲೇ ಕಣ್ಲಾ" ಅನ್ನುತ್ತಿದ್ದರು.

"ಲಿಂಗ ಕಟ್ಟಿರೋರಿಗೆ ಎಂಜಲೂ ಇಲ್ಲ, ಸೂತಕಾನೂ ಇಲ್ಲ. ನಿನಗೆ ಅಯ್ನೋರು ಹೇಳ್ಕೊಟ್ಟಿದ್ದು ಮರ್ತೋಯ್ತಾ?" ಅನ್ನುತ್ತಿದ್ದರು ಅವರು. ಅದು ಬರೀ ಬಾಯಿಮಾತಲ್ಲ. ಹೆತ್ತ ಮನೆಗೆ, ಸತ್ತ ಮನೆಗೆ, ಮುಟ್ಟಾದವರಿರುವ ಮನೆಗೆ ಹೋಗಿ ನೀರು ಕುಡಿದು ಬರುತ್ತಿದ್ದವರು. ಮೈಲಿಗೆ ಅನ್ನುವ ಮಾತು ಕೇಳಿದರೆ ಅವರಿಗೆ ಕೋಪ ಬರುತ್ತಿತ್ತು.

ಅವರ ಮನೆಯಲ್ಲಿ ಇನ್ನೊಂದು ಪದ್ಧತಿ. ಮಗು ಮೊದಲ ಸಲ ಅನ್ನ ಉಣ್ಣುವ ದಿನ, ತಾಯಿಯ ತಂದೆ ಮಗುವನ್ನು ತೊಡೆ ಮೇಲೆ ಕೂರಿಸಿಕೊಂಡು, ತಾನು ಒಂದು ತುತ್ತು ಉಂಡು, ಅದೇ ಗಂಗಳದಿಂದ ಮಗುವಿಗೆ ಕೊಡಬೇಕು. ನಿಮ್ಮ ಅವ್ವ ಮದುವೆಯಾಗಿ ಗುಂಡ್ಲುಪೇಟೆಗೆ ಹೋದ ದಿನದಿಂದಲೇ ಅವರು ಆ ತುತ್ತಿಗೆ ಕಾಯುತ್ತಿದ್ದರು. ಹಬ್ಬಕ್ಕೆ ಗಂಗಳಕ್ಕೆ ಹುಣಿಸೆಹಣ್ಣು ಹಾಕಿ ಉಜ್ಜುತ್ತಿದ್ದರೆ, "ಚೆನ್ನಾಗಿ ಉಜ್ಜು, ಯಜಮಾನ್ರು ಬರೋರವ್ರೆ" ಅಂತ ನಗುತ್ತಿದ್ದರು. ಯಜಮಾನರು ಅಂದರೆ ಇನ್ನೂ ಹುಟ್ಟದ ನೀನು.

ನಿನ್ನ ಹೆರಿಗೆಗೆ ಅವ್ವ ತವರಿಗೆ ಬಂದಿದ್ದಳು. ನೋವು ಬಂದಾಗ ಚಾಮರಾಜನಗರದ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ನೀನು ಹುಟ್ಟಿದೆ, ಜೋರಾಗಿ ಅತ್ತುಬಿಟ್ಟೆ. ನರ್ಸು ನಿನ್ನನ್ನು ಬಟ್ಟೆಯಲ್ಲಿ ಸುತ್ತಿ ನನ್ನ ಕೈಗೆ ಕೊಟ್ಟಳು. ಆದರೆ ನಿನ್ನ ಅವ್ವನಿಗೆ ರಕ್ತ ನಿಲ್ಲಲಿಲ್ಲ. ಒಳಗೆ ಹೋಗುವವರು ಬರುವವರು ಓಡಾಡತೊಡಗಿದರು. ಡಾಕ್ಟರಮ್ಮ ಬಾಗಿಲಿಗೆ ಬಂದು, ರಕ್ತ ಕೊಡಬೇಕಾಗಿದೆ, ನಿಮ್ಮ ಕಡೆಯವರು ಯಾರಾದರೂ ರಕ್ತದ ಬ್ಯಾಂಕಿಗೆ ಹೋಗಿ ಕೊಟ್ಟು ಬನ್ನಿ ಅಂದರು. ನಿಮ್ಮಪ್ಪ ಗುಂಡ್ಲುಪೇಟೆಯಿಂದ ಇನ್ನೂ ದಾರಿಯಲ್ಲಿದ್ದರು. ನಿನ್ನ ತಾತ ಆಗಲೇ ಅಂಗಿಯ ತೋಳು ಮಡಿಸುತ್ತಿದ್ದರು.

ನಿನ್ನನ್ನು ನಾದಿನಿಯ ಮಡಿಲಿಗೆ ಹಾಕಿ ನಾನೂ ಅವರ ಹಿಂದೆ ಹೋದೆ. ಆಸ್ಪತ್ರೆಯ ಹಿಂಭಾಗದಲ್ಲಿ ಒಂದು ತಣ್ಣನೆಯ ಕೋಣೆ. ಅಲ್ಲಿದ್ದವರು ಬೆರಳು ಚುಚ್ಚಿ ಒಂದು ಹನಿ ರಕ್ತವನ್ನು ನೀಲಿ ನೀರಿಗೆ ಬಿಟ್ಟು, ಅದು ಮುಳುಗುವುದನ್ನು ನೋಡಿದರು. ತೂಕ ನೋಡಿದರು. ಆಮೇಲೆ ಒಂದೊಂದಾಗಿ ಕೇಳಿದರು. ಬಿಪಿ ಇದೆಯಾ, ಶುಗರ್ ಇದೆಯಾ, ಜ್ವರ ಬಂದಿತ್ತಾ.

"ಇಲ್ಲ ಸ್ವಾಮಿ. ಗುಂಡುಕಲ್ಲಿನಂಗಿವ್ನಿ. ಬೇಗ ತಕ್ಕೊಳಿ."

"ಯಾವಾಗಾದ್ರೂ ಕಾಮಾಲೆ ಆಗಿತ್ತಾ?"

"ಇಲ್ಲ."

ಅವರ ಎಡಗೈ ಮೊಣಕೈಯ ಹತ್ತಿರ ಮೂರು ಬರೆ ಇದ್ದವು. ಹರೆಯದಲ್ಲಿ ಕಣ್ಣು ಹಳದಿಯಾಗಿ ಮಲಗಿದ್ದಾಗ ಹಾಕಿಸಿದ್ದು. ಬರೆ ಹಾಕಿ, ಯಾವುದೋ ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕುಡಿಸಿ, ಎಣ್ಣೆ ಉಪ್ಪು ಬಿಡಿಸಿ ಪಥ್ಯ ಮಾಡಿಸಿದ್ದರಂತೆ. ಕಾಮಾಲೆ ಇಳಿದಿತ್ತು. ನಮ್ಮ ಕಡೆ ಹಾಗೆ ಇಳಿದದ್ದನ್ನು ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಬರೆ ಬಿದ್ದ ಮೇಲೆ ಅದು ಮುಗಿಯಿತು, ಮತ್ತೆ ಅದರ ಹೆಸರೆತ್ತಬಾರದು ಅನ್ನುತ್ತಾರೆ. ಅವರು ಬೇಕೆಂದು ಸುಳ್ಳು ಹೇಳಿದವರಲ್ಲ. ಪಕ್ಕದಲ್ಲಿ ನಿಂತ ನನಗೂ ಅದು ಸುಳ್ಳು ಅನ್ನಿಸಲಿಲ್ಲ. ಸೂಜಿ ಹಾಕಿದ ಹುಡುಗ ಬಲಗೈಯನ್ನೇ ಹಿಡಿದಿದ್ದರಿಂದ ಬರೆ ಅವನ ಕಣ್ಣಿಗೆ ಬೀಳಲಿಲ್ಲ.

ರಕ್ತ ಕೊಟ್ಟು, ಅವರು ಕೊಟ್ಟ ಬಿಸ್ಕತ್ತನ್ನು ಜೇಬಿಗೆ ಹಾಕಿಕೊಂಡು, ಮೊಣಕೈ ಮಡಿಸಿಕೊಂಡೇ ವಾರ್ಡಿಗೆ ಬಂದರು. ನಿನ್ನ ಅವ್ವನಿಗೆ ಆಗಲೇ ಕಂಬಿಯಿಂದ ಚೀಲ ತೂಗುಹಾಕಿ ರಕ್ತ ಬಿಡುತ್ತಿದ್ದರು. ಅವರು ಹತ್ತಿರ ಹೋಗಿ ಒಂದು ಬೆರಳಿನಿಂದ ಆ ಚೀಲವನ್ನು ಮುಟ್ಟಿದರು.

"ಇಷ್ಟು ಬೇಗ ತಣ್ಣಗಾಗೋಯ್ತಲ್ಲ" ಅಂದರು ನನ್ನ ಕಡೆ ತಿರುಗಿ. ನಾನೂ ಅದನ್ನು ಅಷ್ಟಕ್ಕೇ ಬಿಟ್ಟೆ.

ನಿನ್ನ ಅವ್ವ ಉಳಿದಳು. ಬೆಳಗಿನ ಹೊತ್ತಿಗೆ ತುಟಿಗೆ ಬಣ್ಣ ಬಂತು, ನಿನ್ನನ್ನು ಕೇಳಿದಳು. ಆ ವಾರವೆಲ್ಲ ಅವರು ನೆಲದ ಮೇಲೆ ನಡೆಯಲಿಲ್ಲ. ಉಡಿಗಾಲದ ಟೀ ಅಂಗಡಿಯಲ್ಲಿ, ಬಸ್ಸಿನಲ್ಲಿ, ಅರಿಶಿನ ಕೀಳಲು ಬಂದ ಆಳುಗಳ ಹತ್ತಿರ, ಕಂಡವರಿಗೆಲ್ಲ ಹೇಳಿದರು: ನನ್ನ ಮಗಳ ಮೈಯಲ್ಲಿ ಈಗ ನನ್ನ ರಕ್ತ ಓಡ್ತಾ ಅದೆ.

ನಾದಿನಿ ಬಿಡಬೇಕಲ್ಲ. "ಇನ್ನೇನು, ನಿನ್ ರಕ್ತ ಓಯ್ತಲ್ಲ, ನನ್ ಸೊಸೇನೂ ಮುಂಗೋಪಿಯಾದ್ಲು ಬುಡು" ಅಂದರು.

"ಮೊದ್ಲೇನು ಕಮ್ಮಿ ಇದ್ಲಾ? ಅವಳು ಹುಟ್ದಾಗ್ಲೇ ನಿನ್ನಂಗೆ ಕಿರುಚ್ತಿದ್ಲು."

"ನಾ ಕಿರುಚದೆ ಇದ್ದಿದ್ರೆ ನೀನು ಇಸ್ಕೂಲು ಕಾಣ್ತಿದ್ಯೇನ್ಲಾ?"

ಬಾಣಂತಿಯೂ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅಷ್ಟು ನಕ್ಕದ್ದು ಅದೇ ಕೊನೆ ಅನ್ನಬಹುದು.

ಕೆಲವು ದಿನ ಕಳೆದು ಅವರ ಮೊಬೈಲಿಗೆ ರಕ್ತದ ಬ್ಯಾಂಕಿನಿಂದ ಫೋನು ಬಂತು. ಒಂದು ಸಲ ಬಂದು ಹೋಗಿ, ಮಾತಾಡುವುದಿದೆ ಅಂದರಂತೆ. "ಇನ್ನೂ ಬೇಕೇನೋ. ಕೇಳುದ್ರೆ ಕೊಡನ ಬುಡು" ಅಂತ ಅವರು ಒಗೆದ ಪಂಚೆ ಉಟ್ಟು ಹೊರಟರು. ಬಾಣಂತಿಗೆ ಬೆಳ್ಳುಳ್ಳಿ, ಮೆಣಸು, ಓಮ ತರುವುದಿತ್ತು. ನಾದಿನಿಯನ್ನು ಮನೆಯಲ್ಲಿ ಕೂರಿಸಿ ನಾನೂ ಹೊರಟೆ.

ನಮ್ಮನ್ನು ಕೂರಿಸಿದ ಕೋಣೆಯಲ್ಲಿ ಒಬ್ಬ ಮೇಡಂ ಇದ್ದರು, ನಿಮ್ಮ ಅವ್ವನ ವಯಸ್ಸಿನವರು. ಒಳ್ಳೆಯ ಮಾತಿನವರು. ಮೊದಲು ನನ್ನನ್ನು ಸ್ವಲ್ಪ ಹೊತ್ತು ಹೊರಗೆ ಇರಿ ಅಂದರು. ಬಾಗಿಲ ಮುಂದಿನ ಬೆಂಚಿನಲ್ಲಿ ಕೂತೆ. ಆ ಬಾಗಿಲ ಪಕ್ಕ ಗೋಡೆಗೆ ಏಡ್ಸ್ ರೋಗದ ಪಟ ಅಂಟಿಸಿದ್ದರು. ದಾರಿಯಲ್ಲಿ ಹೋಗುವವರು ಪಟ ನೋಡಿ, ಆಮೇಲೆ ನನ್ನ ಮುಖ ನೋಡುತ್ತಿದ್ದರು. ನಾನು ಸೆರಗನ್ನು ಹಣೆಯವರೆಗೆ ಎಳೆದುಕೊಂಡೆ.

ಒಳಗೆ ಕರೆದಾಗ ಅವರ ಮುಖ ಬೇರೆಯೇ ಆಗಿತ್ತು. ಮೇಡಂ ನನಗೂ ಬಿಡಿಸಿ ಹೇಳಿದರು. ಯಾರು ರಕ್ತ ಕೊಟ್ಟರೂ ಅದನ್ನು ಐದು ರೋಗಕ್ಕೆ ಪರೀಕ್ಷೆ ಮಾಡುತ್ತಾರೆ. ಇವರದ್ದರಲ್ಲಿ ಹೆಪಟೈಟಿಸ್ ಬಿ ಅನ್ನುವುದು ಕಾಣಿಸಿದೆ. ಲಿವರಿಗೆ ಬರುವ ಸೋಂಕು. ಇದು ಏಡ್ಸ್ ಅಲ್ಲ. ಎಷ್ಟೋ ವರ್ಷದಿಂದ ಮೈಯಲ್ಲಿ ಸುಮ್ಮನೆ ಕೂತಿರಬಹುದು, ಎಲ್ಲಿಂದ ಬಂತು ಅಂತ ಹೇಳಲಾಗದು. ಒಂದೇ ಬ್ಲೇಡಿನಲ್ಲಿ ಹತ್ತು ಜನಕ್ಕೆ ಕ್ಷೌರ, ಕುದಿಸದ ಸೂಜಿ, ಹೆತ್ತ ತಾಯಿಯಿಂದಲೂ ಬಂದಿರಬಹುದು.

ಅವರು ತಮ್ಮ ಬಗ್ಗೆ ಒಂದು ಮಾತೂ ಕೇಳಲಿಲ್ಲ. "ನನ್ನ ಮಗಳಿಗೆ ಆಗ್ಲೇ ಹೋಗಾಯ್ತಲ್ಲ ಮೇಡಂ" ಅಂದರು. "ಅವಳು ಕೂಸಿಗೆ ಹಾಲು ಕೊಡ್ತಾ ಅವಳೆ."

"ಇಲ್ಲ ಯಜಮಾನ್ರೇ. ನಿಮ್ಮ ಚೀಲ ಯಾರಿಗೂ ಹೋಗಿಲ್ಲ. ಪರೀಕ್ಷೆ ಮುಗಿಯೋವರೆಗೂ ಹೊಸ ರಕ್ತ ಬೇರೆ ಇಟ್ಟಿರ್ತೀವಿ. ನಿಮ್ಮ ಮಗಳಿಗೆ ಕೊಟ್ಟಿದ್ದು ಮೊದಲೇ ಪರೀಕ್ಷೆ ಮಾಡಿ ಫ್ರಿಜ್ಜಲ್ಲಿ ಇಟ್ಟಿದ್ದು. ಬೇರೆ ಯಾರೋ ಕೊಟ್ಟಿದ್ದು."

"ದೇವರಾಣೆ?"

"ದೇವರಾಣೆ."

ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ, "ಮತ್ತೆ ನಂದು?" ಅಂದರು.

"ಅದನ್ನ ಕೊಡೋ ಹಾಗಿಲ್ಲ. ನಾಶ ಮಾಡ್ತೀವಿ."

ತಣ್ಣನೆಯ ಚೀಲ ನನಗೆ ಆಗ ನೆನಪಾಯಿತು. ಅವರಿಗೂ ನೆನಪಾಗಿರಬೇಕು. ಚೀಲ ಮುಟ್ಟಿದ ಆ ಬೆರಳನ್ನು ಪಂಚೆಗೆ ಒರೆಸಿಕೊಳ್ಳುತ್ತಿದ್ದರು.

ಮೇಡಂ ಇನ್ನೂ ಎಷ್ಟೋ ಹೇಳಿದರು, ಅವಸರ ಮಾಡದೆ. ಒಟ್ಟಿಗೆ ಊಟ ಮಾಡಿದರೆ, ತಟ್ಟೆ ಲೋಟ ಹಂಚಿಕೊಂಡರೆ, ಮಗು ಎತ್ತಿಕೊಂಡರೆ ಇದು ಹರಡುವುದಿಲ್ಲ. ರಕ್ತ ತಾಕಬಾರದು, ಕ್ಷೌರದ ಬ್ಲೇಡು ಬೇರೆ ಇರಲಿ. ನಿಮ್ಮ ಮಗಳಿಗೆ ಬಸುರಿಯಾಗಿದ್ದಾಗಲೇ ಈ ಪರೀಕ್ಷೆ ಆಗಿದೆ, ಏನೂ ಇಲ್ಲ. ಮಗುವಿಗೆ ಹುಟ್ಟಿದ ದಿನವೇ ಇದರ ಲಸಿಕೆ ಹಾಕಿದ್ದಾರೆ. ನೀವು ದೊಡ್ಡ ಡಾಕ್ಟರ ಹತ್ತಿರ ತೋರಿಸಿಕೊಂಡು, ಆಗಾಗ ಬಂದು ಹೋಗುತ್ತಿರಿ, ಬೇಕಾದರೆ ಮಾತ್ರೆ ಕೊಡುತ್ತಾರೆ. ನನ್ನ ರಕ್ತವನ್ನೂ ತೆಗೆದುಕೊಂಡರು. ನನಗೆ ಏನೂ ಇರಲಿಲ್ಲ. ಲಸಿಕೆ ಹಾಕಿಸಿಕೊಂಡೆ.

ಇಷ್ಟನ್ನೂ ಅವರು ತಲೆ ಆಡಿಸುತ್ತಾ ಕೇಳಿದರು. ಒಂದು ಮಾತೂ ಒಳಕ್ಕೆ ಇಳಿದಿರಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಜಾಗವಿದ್ದರೂ ಅವರು ನನ್ನ ಪಕ್ಕ ಕೂರಲಿಲ್ಲ, ಹಿಂದಿನ ಸೀಟಿನಲ್ಲಿ ಕೂತರು. ಉಡಿಗಾಲದಲ್ಲಿ ಇಳಿದು ನಡೆಯುವಾಗ ಮೆಲ್ಲಗೆ ಅಂದರು.

"ನೀ ಆಚೆಗೋದಾಗ ಏನೇನೋ ಕೇಳುದ್ರು. ಬೇರೆ ಹೆಂಗಸರ ಸಾವಾಸ ಇತ್ತಾ ಅಂತ."

ನಾನು ಸಾಮಾನಿನ ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡೆ.

"ಇಲ್ಲ ಅಂದೆ. ನಂಬುದ್ರೋ ಇಲ್ವೋ." ಮತ್ತೆ ನಾಲ್ಕು ಹೆಜ್ಜೆ ಹೋಗಿ, "ನೀ ನಂಬ್ತೀಯಾ?" ಅಂದರು.

ನಂಬುತ್ತೇನೆ ಅಂತ ಬಾಯಿಬಿಟ್ಟು ಹೇಳಲು ನನಗೆ ಆಗಲಿಲ್ಲ. ತಲೆಯಾಡಿಸಿದೆ. ಮುಸ್ಸಂಜೆಯಾಗಿತ್ತು, ಸೆರಗು ಮುಂದಿತ್ತು. ಅವರಿಗೆ ಕಾಣಿಸಿತೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ.

"ಯಾರ ಹತ್ರಾನೂ ಎತ್ಬೇಡ. ಮಗಳ ಹತ್ರಾನೂ" ಅಂದರು. ನಾನು ಎತ್ತಲಿಲ್ಲ.

ಆ ರಾತ್ರಿ ಊಟಕ್ಕೆ ಕಂಚಿನ ಗಂಗಳ ಇಟ್ಟೆ. ಅವರು ಅದನ್ನು ಬದಿಗೆ ಸರಿಸಿ, ಮೂಲೆಯಲ್ಲಿದ್ದ ಹಳೆಯ ಸ್ಟೀಲ್ ತಟ್ಟೆ ತೆಗೆದುಕೊಂಡರು. ಉಂಡಾದ ಮೇಲೆ ನೀರು ಹಾಕಿ ಕುಡಿದರು, ಅದನ್ನು ಬಿಡಲಿಲ್ಲ. ಆಮೇಲೆ ತಟ್ಟೆಯನ್ನು ಹಿತ್ತಲಿನ ಒಗೆಯುವ ಕಲ್ಲಿನ ಹತ್ತಿರ ತೆಗೆದುಕೊಂಡು ಹೋಗಿ, ತಾವೇ ಬೂದಿ ಹಾಕಿ ಉಜ್ಜಿ, ಬೇಲಿಯ ಗೂಟಕ್ಕೆ ಕವುಚಿದರು.

"ಮೇಡಂ ಹೇಳುದ್ರಲ್ಲ, ತಟ್ಟೇಲಿ ಬರಲ್ಲ ಅಂತ" ಅಂದೆ.

"ಅವರು ಓದಿರೋರು, ಸಮಾಧಾನಕ್ಕೆ ಹೇಳ್ತಾರೆ. ಪರರಿಗೆ ಕೊಡಕ್ಕಾಗ್ದೆ ಸುಟ್ಟಾಕೋ ರಕ್ತ ಅಂದ್ಮೇಲೆ, ಬಾಯಿ ನೀರು ಬೇರೇನಾ?"

ಊರಿನಲ್ಲಿ ಯಾರ ಸೂತಕಕ್ಕೂ ಬಗ್ಗದವರು ತಮಗೆ ತಾವೇ ಒಂದು ಸೂತಕ ಕಟ್ಟಿಕೊಂಡರು. ಅದಕ್ಕೆ ಇಷ್ಟು ದಿನ ಅನ್ನುವುದೂ ಇರಲಿಲ್ಲ, ಕಳೆಯಲು ಶಾಸ್ತ್ರವೂ ಇರಲಿಲ್ಲ. ಬೀದಿಯ ಮಕ್ಕಳು ಎರಡು ಮೂರು ದಿನ ಬಂದು ನೋಡಿದವು. ಅವರು ಗದರಿದರು. ಮಕ್ಕಳು ಬರುವುದನ್ನು ಬಿಟ್ಟವು.

ನಾದಿನಿಗೆ ಮೊದಲು ಕಂಡದ್ದು ತಟ್ಟೆ. "ಏನ್ಲಾ ತಮ್ಮ, ಗಂಗಳ ಬೆಳಗ್ತಾ ಕುಂತಿದ್ದೀಯೆ? ಹೆಂಡ್ತಿ ನಿನ್ನ ಆಳಾಗಿ ಇಟ್ಕೊಂಡವ್ಳಾ?" ಅಂದರು. ಅವರು ಬೂದಿ ಹಾಕಿ ಉಜ್ಜುತ್ತಲೇ ಇದ್ದರು. ನಾದಿನಿ ನನ್ನ ಕಡೆ ತಿರುಗಿ, "ಸುಮ್ನಿರೋಳು ಅಂತ ತಿಳ್ಕಂಡಿದ್ದೆ ಕಣಮ್ಮಿ. ಸರಿಯಾಗೇ ಆಡುಸ್ತಾ ಇದ್ದೀಯ" ಅಂದರು. ಊರಿನ ಹೆಂಗಸರಿಗೂ ಅದೇ ಮಾತಾಯಿತು. ಆಗಲಿ ಅಂದುಕೊಂಡೆ. ಬೇರೆ ಮಾತು ಆಡುವುದಕ್ಕಿಂತ ಇದು ಮೇಲು.

ನಿನಗೆ ಅನ್ನ ಉಣ್ಣಿಸುವ ಕಾಲ ಬಂತು. ನಿಮ್ಮ ಗುಂಡ್ಲುಪೇಟೆ ಅಜ್ಜಿ, ಸುಸೂತ್ರವಾಗಿ ಮಗುವಾದರೆ ಅಲ್ಲೇ ಉಣ್ಣಿಸುತ್ತೇನೆ ಅಂತ ಗೋಪಾಲಸ್ವಾಮಿ ಬೆಟ್ಟಕ್ಕೆ ಹರಕೆ ಹೇಳಿಕೊಂಡಿದ್ದರಂತೆ. ನಮ್ಮದು ಶಿವನ ಒಕ್ಕಲಾದರೂ ಗುಂಡ್ಲುಪೇಟೆ ಸೀಮೆಯಲ್ಲಿ ಆ ಬೆಟ್ಟಕ್ಕೆ ನಡೆದುಕೊಳ್ಳದವರಿಲ್ಲ. ಬೀಗರು ನಮಗೆ ಹೇಳಿಕಳಿಸಿದರು. ನಾನು ಕಂಚಿನ ಗಂಗಳವನ್ನು ಬೆಳಗಿ ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದೆ. ಅವರು ನೋಡಿದರು, ಬೇಡ ಅನ್ನಲಿಲ್ಲ. ಬಸ್ಸಿನಲ್ಲಿ ಚೀಲವನ್ನು ತಮ್ಮ ತೊಡೆಯ ಮೇಲೇ ಇಟ್ಟುಕೊಂಡರು. ಮನಸ್ಸು ಬದಲಾಗಿದೆ ಅಂದುಕೊಂಡೆ.

ಬೆಟ್ಟದ ಮೇಲೆ ಎದುರಿಗಿದ್ದವರು ಕಾಣದಷ್ಟು ಮಂಜು. ಗಾಳಿಗೆ ಮಾತು ಹಾರಿಹೋಗುತ್ತಿತ್ತು. ದೇವರಿಗೆ ಪೂಜೆ ಮಾಡಿಸಿ, ಗೋಡೆ ಮರೆಗೆ ಚಾಪೆ ಹಾಸಿ ಎಲ್ಲರೂ ಕೂತೆವು. ನಿನ್ನ ಅವ್ವ ಗಂಗಳಕ್ಕೆ ಸಿಹಿ ಅನ್ನ ಬಡಿಸಿದಳು. ನಿನಗೆ ಹಸಿರು ಲಂಗ ಹಾಕಿದ್ದರು. ನಿಮ್ಮಪ್ಪ ನಿನ್ನನ್ನು ಎತ್ತಿ ಅವರ ತೊಡೆ ಮೇಲೆ ಕೂರಿಸಿದರು. ನೀನು ಅವರ ಕರಡಿಗೆ ಹಿಡಿದುಕೊಂಡೆ.

ಅವರು ಒಂದು ತುತ್ತು ತೆಗೆದು ಬಾಯಿಗೆ ಹಾಕಿಕೊಂಡರು. ಎರಡನೆಯ ತುತ್ತನ್ನು ಬೆರಳಲ್ಲಿ ನುಣ್ಣಗೆ ಮಾಡಿದರು. ನೀನು ಬಾಯಿ ತೆರೆದಿದ್ದೆ, ಹಕ್ಕಿ ಮರಿಯ ಹಾಗೆ. ಆ ಕೈ ಮೇಲಕ್ಕೆ ಏಳಲಿಲ್ಲ. ಎಲ್ಲರೂ ನೋಡುತ್ತಿದ್ದೆವು. ತುತ್ತನ್ನು ಗಂಗಳಕ್ಕೇ ಹಾಕಿ, ನಿನ್ನನ್ನು ನನ್ನ ಮಡಿಲಿಗೆ ಇಟ್ಟು, "ಹೊಟ್ಟೆ ಸರಿಯಿಲ್ಲ, ನೀವು ಮಾಡಿ" ಅಂತ ಎದ್ದು ಮಂಜಿನೊಳಗೆ ಹೋಗಿಬಿಟ್ಟರು. ಗಂಗಳವನ್ನೂ ತೆಗೆದುಕೊಂಡು ಹೋದರು. ಅದರಲ್ಲಿದ್ದ ಅನ್ನವನ್ನು ಯಾರೂ ನಿನಗೆ ಕೊಡಬಾರದಲ್ಲ.

"ಗಂಡಾಗಿದ್ರೆ ಹೊಟ್ಟೆ ಸರಿ ಇರ್ತಿತ್ತು" ಅಂದರು ನಿಮ್ಮ ಗುಂಡ್ಲುಪೇಟೆ ಅಜ್ಜಿ. ಅವರನ್ನು ನಾನು ದೂರುವುದಿಲ್ಲ. ಕಣ್ಣಿಗೆ ಕಂಡದ್ದಕ್ಕೆ ಒಂದು ಅರ್ಥ ಬೇಕಲ್ಲ. ಅವರ ಹೆಣ್ಣುಮಕ್ಕಳಿಗೂ ಯಾರೋ ಹೀಗೆ ಮುಖ ತಿರುಗಿಸಿದ್ದಿರಬಹುದು. ನಿನಗೆ ಮೊದಲ ತುತ್ತನ್ನು ಬೇರೆ ಎಲೆಯಿಂದ ನಿಮ್ಮಪ್ಪ ಕೊಟ್ಟರು. ನಾನು ನೋಡಲು ಹೋದಾಗ, ನಿನ್ನ ತಾತ ಮೆಟ್ಟಿಲ ಕೆಳಗೆ ಕೂತು ಆ ಗಂಗಳದ ಅನ್ನವನ್ನೆಲ್ಲ ಒಬ್ಬರೇ ತಿನ್ನುತ್ತಿದ್ದರು. ಪ್ರಸಾದ, ಚೆಲ್ಲುವ ಹಾಗಿಲ್ಲ. ಕಣ್ಣಲ್ಲಿ ಮೂಗಲ್ಲಿ ನೀರು. ಚಳಿಗೆ ಅಂದರು.

ಆಮೇಲೆ ನೀನು ಬೆಳೆದೆ, ರಜೆಗೆ ಉಡಿಗಾಲಕ್ಕೆ ಬರುತ್ತಿದ್ದೆ. ನಿನಗೆ ನೆನಪಿರಬಹುದು, ತಾತ ನಿನಗೆ ಏನು ಕೊಡುತ್ತಿದ್ದರು? ಬಾಳೆಹಣ್ಣು. ಕಿತ್ತಳೆ. ಸೀತಾಫಲ. ಬೇಯಿಸಿದ ಕಡಲೆಕಾಯಿ, ಸಿಪ್ಪೆ ಸಮೇತ. ತೋಟದಿಂದ ಬರುವಾಗ ಹಸಿ ಅವರೆಕಾಯಿ. ಸಿಪ್ಪೆ ಇಲ್ಲದ್ದನ್ನು ಅವರು ನಿನ್ನ ಕೈಗೆ ಕೊಟ್ಟದ್ದನ್ನು ನಾನು ನೋಡಲಿಲ್ಲ. "ಸುಲ್ದುಕೊಡು ತಾತ" ಅಂತ ನೀನು ಕೇಳಿದರೆ, "ಕೈಯಿಲ್ವಾ ಕೂಸೇ ನಿನಗೆ? ಸುಲ್ಕೋ" ಅನ್ನುತ್ತಿದ್ದರು. ತಮ್ಮ ಕೈ ತಾಗದ ಜಾಗ ನಿನ್ನ ಬಾಯಿಗೆ ಹೋಗಲಿ ಅಂತ. ನೀನು ಸುಲಿದು ತಿನ್ನುವುದನ್ನು ಜಗಲಿಯ ಆ ತುದಿಯಲ್ಲಿ ಕೂತು ನೋಡುತ್ತಿದ್ದರು. ಒರಟು ತಾತ ಅಂತ ನಿನಗೆ ಅನ್ನಿಸಿದ್ದರೆ ಅದರಲ್ಲಿ ನಿನ್ನ ತಪ್ಪೇನೂ ಇಲ್ಲ.

ಆಸ್ಪತ್ರೆಯವರು ಫೋನು ಮಾಡುತ್ತಿದ್ದರು, ಬಂದು ತೋರಿಸಿಕೊಳ್ಳಿ ಅಂತ. ಹೋಗೋಣ ಅಂದರೆ, "ಆ ಬಾಗಿಲ ಮುಂದೆ ನಾ ನಿಂತ್ಕಳದಿಲ್ಲ. ಉಡಿಗಾಲದೋರು ಯಾರಾದ್ರೂ ನೋಡುದ್ರೆ, ನಾಳೆ ಮಗಳ ಮನೇವರ್ಗೂ ಓಯ್ತದೆ" ಅನ್ನುತ್ತಿದ್ದರು. ಆ ಪಟ ಅವರ ಕಣ್ಣಿಂದ ಹೋಗಲಿಲ್ಲ. ರೋಗ ಅದಲ್ಲವೆಂದು ಗೊತ್ತಿದ್ದೂ ಹೋಗಲಿಲ್ಲ. ಕೊನೆಗೆ ಹೊಟ್ಟೆಯಲ್ಲಿ ನೀರು ತುಂಬಿಕೊಂಡು, ಕಾಲು ಊದಿ, ಕಣ್ಣು ಮತ್ತೆ ಅರಿಶಿನವಾದಾಗ ನಾವೇ ಎತ್ತಿಕೊಂಡು ಹೋದೆವು. ಮೈಸೂರಿಗೂ ಹೋಗಿ ಬಂದೆವು. ಬಹಳ ತಡವಾಗಿದೆ ಅಂದರು. ಮತ್ತೆ ಚಾಮರಾಜನಗರದ ಆಸ್ಪತ್ರೆಗೇ ಬಂದೆವು.

ನಿನ್ನ ಅವ್ವನಿಗೆ ಎಲ್ಲ ಗೊತ್ತಾದದ್ದು ಆಗ, ಡಾಕ್ಟರ ಬಾಯಿಂದ. ಅವಳು ನನ್ನ ಮೇಲೆ ಕೂಗಾಡಲಿಲ್ಲ. ಮಂಚದ ಹತ್ತಿರ ಹೋಗಿ, "ಅಪ್ಪಾ, ನಿಂದು ನಂಗೆ ಬಂದಿದ್ರೂ ನಾನೇನು ಅಂತಿರ್ಲಿಲ್ಲ" ಅಂದಳು. ಅವರು ಕೈ ಅಡ್ಡ ಆಡಿಸಿ, "ಹಂಗನ್ಬೇಡ. ಆ ತಾಯಿ ನೋಡಿ ಎತ್ತಿಟ್ಳು, ನೀನು ಉಳ್ದೆ" ಅಂದರು. ಆ ಮೇಡಮ್ಮನ್ನೇ ಅಂದದ್ದೋ, ಅಲ್ಲಿ ಪರೀಕ್ಷೆ ಮಾಡುವ ಯಾರನ್ನೋ, ಗೊತ್ತಿಲ್ಲ. ಅವ್ವ ಮತ್ತೊಮ್ಮೆ ಪರೀಕ್ಷೆ ಮಾಡಿಸಿಕೊಂಡಳು. ಏನೂ ಇರಲಿಲ್ಲ.

ಅವತ್ತು ಮಧ್ಯಾಹ್ನ ನಿಮ್ಮಪ್ಪ ನಿನ್ನನ್ನು ಕರೆದುಕೊಂಡು ಬಂದರು. ಸ್ಕೂಲಿನ ಬಟ್ಟೆಯಲ್ಲೇ ಬಂದಿದ್ದೆ. ಕೈಯಲ್ಲಿ ಒಂದು ಬಾಳೆಹಣ್ಣಿತ್ತು, ಅವರ ತೋಟದ್ದೇ ಏಲಕ್ಕಿ ಬಾಳೆ. ತಾತ ನಿನಗೆ ಕಲಿಸಿದ್ದನ್ನೇ ನೀನು ಮಾಡಿದೆ. ಸಿಪ್ಪೆ ಸುಲಿದು ಅವರ ಬಾಯಿಯ ಹತ್ತಿರ ಹಿಡಿದೆ. ಆ ಹೊತ್ತಿಗೆ ಅವರಿಗೆ ಎಳನೀರು ಬಿಟ್ಟು ಬೇರೇನೂ ಇಳಿಯುತ್ತಿರಲಿಲ್ಲ. ಒಂದು ತುದಿ ಕಚ್ಚಿದರು. ನುಂಗಲು ಬಹಳ ಹೊತ್ತು ಹಿಡಿಯಿತು. ನೀನು ಕಾದು ನೋಡಿದೆ. ಆಮೇಲೆ, ಮನೆಯಲ್ಲಿ ಮಾಡುವ ಹಾಗೆ, ಮಿಕ್ಕದ್ದನ್ನು ನಿನ್ನ ಬಾಯಿಯ ಕಡೆಗೆ ತಂದೆ.

ಅವರು ನಿನ್ನ ಮಣಿಕಟ್ಟು ಹಿಡಿದರು. ಅಷ್ಟು ಶಕ್ತಿ ಎಲ್ಲಿತ್ತೋ. ಹಣ್ಣನ್ನು ತಮ್ಮ ಕಡೆ ಎಳೆದುಕೊಂಡು ಕಚ್ಚಿದರು. ಮತ್ತೆ ಕಚ್ಚಿದರು. ಗಂಟಲಲ್ಲಿ ಸಿಕ್ಕಿಕೊಂಡು ಕಣ್ಣು ಮೇಲಾಗುತ್ತಿತ್ತು. ನಾನು ಸಾಕು ಸಾಕು ಅಂದೆ. ಬಿಡಲಿಲ್ಲ. ಕೊನೆಯ ಚೂರನ್ನೂ ನುಂಗಿ, ನಿನ್ನ ಬೆರಳ ಸಂದಿಯಲ್ಲಿ ಏನಾದರೂ ಉಳಿದಿದೆಯೇನೋ ಅಂತ ನೋಡಿದರು. ನಿನ್ನ ಕೈಯಲ್ಲಿ ಸಿಪ್ಪೆ ಮಾತ್ರ ಇತ್ತು.

"ತಾತಂಗೆ ಎಷ್ಟು ಹಸಿವು" ಅಂದೆ ನೀನು, ಸ್ವಲ್ಪ ಮುನಿಸಿನಿಂದ.

ತಟ್ಟೆಯಲ್ಲಿ, ಎಂಜಲಿನಲ್ಲಿ ಆ ರೋಗ ಬರುವುದಿಲ್ಲ ಕೂಸೇ. ನಾನು ಆಮೇಲೂ ಎಷ್ಟೋ ಡಾಕ್ಟರನ್ನು ಕೇಳಿದ್ದೇನೆ, ಎಲ್ಲರೂ ಮೇಡಂ ಹೇಳಿದ್ದನ್ನೇ ಹೇಳಿದರು. ಬೆಟ್ಟದ ಮೇಲೆ ಅವರು ಆ ತುತ್ತು ಕೊಟ್ಟಿದ್ದರೆ ನಿನಗೆ ಏನೂ ಆಗುತ್ತಿರಲಿಲ್ಲ. ಅವರು ಅಷ್ಟು ವರ್ಷ ದೂರ ಕೂತದ್ದು ಯಾವ ಉಪಯೋಗಕ್ಕೂ ಬರಲಿಲ್ಲ. ಆದರೆ ಅದು ನೀನು ಹೆಣ್ಣು ಅಂತ ಅಲ್ಲ. ನಿನ್ನ ತಮ್ಮ ಆಗ ಹುಟ್ಟಿದ್ದರೆ ಅವನಿಗೂ ಸಿಪ್ಪೆಯ ಹಣ್ಣೇ ಸಿಗುತ್ತಿತ್ತು.

ಹಣ್ಣು ನುಂಗಿದ ಮೇಲೆ ಅವರು ದಿಂಬಿಗೆ ತಲೆ ಇಟ್ಟು ಕಣ್ಣು ಮುಚ್ಚಿದರು. ನಾನು ಬಾಯಿ ಒರೆಸಲು ಹೋದಾಗ, ಕಣ್ಣು ತೆರೆಯದೆ, "ಕೂಸಿನ ಕೈ ತೊಳ್ಸು" ಅಂದರು. ನಿನ್ನನ್ನು ಹೊರಗಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋಗಿ ಸೋಪು ಹಾಕಿ ತೊಳೆಸಿದೆ. ಇನ್ನೊಂದು ಬಾಳೆಹಣ್ಣು ಇದೆಯಾ ಅಂತ ನೀನು ಕೇಳುತ್ತಿದ್ದೆ.